ಹೆಂಡತಿಯ ನಿದ್ದೆ ಮತ್ತು ಬ್ರೇಕ್ ಪ್ಯಾಡು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕು. ಪಕ್ಕದವರ ದೊಡ್ಡ ಫ್ಲ್ಯಾಟು, ಸಹೋದ್ಯೋಗಿಯ ಬಡ್ತಿ, ಹಳೆಯ ಸಹಪಾಠಿಯ ತಲೆಯ ಮೇಲೆ ಇನ್ನೂ ಉಳಿದಿರುವ ಕೂದಲು, ಇಂಥವುಗಳಿಗೆ ಹೊಟ್ಟೆ ಉರಿಸಿಕೊಂಡರೆ ಜನ ಅರ್ಥಮಾಡಿಕೊಳ್ಳುತ್ತಾರೆ, ತಮಗೂ ಹಾಗೆ ಆಗಿದ್ದನ್ನು ಹೇಳಿ ಸಮಾಧಾನ ಮಾಡುತ್ತಾರೆ. ನನ್ನದು ಹಾಗೆ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. ನನ್ನ ಹೆಂಡತಿ ಬೇರೊಬ್ಬನ ಕಾರಿನಲ್ಲಿ ನಿದ್ದೆ ಮಾಡುತ್ತಿದ್ದಳು, ನನ್ನ ಕಾರಿನಲ್ಲಿ ಮಾಡುತ್ತಿರಲಿಲ್ಲ. ಅಷ್ಟೇ. ವಾಕ್ಯವನ್ನು ಇಲ್ಲಿಗೇ ಬಿಟ್ಟರೆ ಓದುವವರು ಬೇರೇನನ್ನೋ ಊಹಿಸುತ್ತಾರೆಂದು ಗೊತ್ತಿರುವುದರಿಂದ ಕೂಡಲೇ ಸೇರಿಸುತ್ತೇನೆ: ಆ ಬೇರೊಬ್ಬ ಅವಳ ತಂಗಿಯ ಗಂಡ ದಿನೇಶ. ಅವಳು ನಿದ್ದೆ ಮಾಡುತ್ತಿದ್ದುದು ಹಿಂದಿನ ಸೀಟಿನಲ್ಲಿ, ಕಿಟಕಿಗೆ ತಲೆಯಾನಿಸಿ, ಪಕ್ಕದಲ್ಲಿ ತಾಯಿ, ಅವರಾಚೆ ತಂಗಿ ಕೂತಿರುವಾಗ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಆ ತೆರೆದ ಬಾಯಿಯೇ ನನ್ನನ್ನು ಹೆಚ್ಚು ಸುಟ್ಟದ್ದು. ಒಬ್ಬರ ಮೇಲೆ ಎಷ್ಟು ನಂಬಿಕೆ ಇದ್ದರೆ ಮನುಷ್ಯ ಬಾಯಿ ತೆರೆದು ನಿದ್ದೆ ಮಾಡುತ್ತಾನೆ!

ಇದು ನಡೆದದ್ದು 2009ರಲ್ಲಿ, ಅಥವಾ 2010ರಲ್ಲಿ. ನನ್ನ ನೆನಪು ಎಲ್ಲವನ್ನೂ ಒಗೆದು, ಇಸ್ತ್ರಿ ಹಾಕಿ, ಮಡಚಿ ಕೊಡುತ್ತದೆ. ಹಾಗೆ ಅಚ್ಚುಕಟ್ಟಾಗಿ ಬಂದದ್ದರ ಮೇಲೆಯೇ ನನಗೆ ಅನುಮಾನ. ಈ ಕಥೆಯನ್ನು ಬಂಧುಗಳ ಮುಂದೆ ನಾನು ಹತ್ತಾರು ಸಲ ಹೇಳಿದ್ದೇನೆ, ಪ್ರತಿಸಲವೂ ಅದರಲ್ಲಿ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತಾ ಬಂದಿದ್ದೇನೆ. ಆದ್ದರಿಂದ ಈ ಸಲ ನಾನು ಒಳ್ಳೆಯವನಾಗಿ ಕಾಣಿಸುವ ಜಾಗ ಬಂದಲ್ಲೆಲ್ಲ ನಿಂತು ನೋಡಿಕೊಂಡು ಮುಂದೆ ಹೋಗಬೇಕೆಂದುಕೊಂಡಿದ್ದೇನೆ.

ನಾವಿರುವುದು ಡೊಂಬಿವಲಿಯಲ್ಲಿ, ಪೂರ್ವದ ಕಡೆ. ನಾನು ಆಗ ಠಾಣೆಯ ಒಂದು ಔಷಧ ಕಂಪನಿಯ ರವಾನೆ ವಿಭಾಗದಲ್ಲಿದ್ದೆ. ಡೊಂಬಿವಲಿಯಲ್ಲಿ ಕಾರು ಕೊಂಡವರು ಕಾರಿನಲ್ಲಿ ಕೆಲಸಕ್ಕೆ ಹೋಗುವುದಿಲ್ಲ. ಕಾರು ವಸತಿ ಸೊಸೈಟಿಯ ಕಾಂಪೌಂಡಿನಲ್ಲಿ ಹೊದಿಕೆ ಹೊದ್ದು ಆರು ದಿನ ಆರಾಮಾಗಿ ಮಲಗಿರುತ್ತದೆ, ಯಜಮಾನ ಮಾತ್ರ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ಯಾರದೋ ಬೆನ್ನಚೀಲಕ್ಕೆ ಮುಖ ಒತ್ತಿಕೊಂಡು ನಿಂತು ಹೋಗುತ್ತಾನೆ. ಭಾನುವಾರ ಬೆಳಿಗ್ಗೆ ಹೊದಿಕೆ ತೆಗೆದು, ಗಾಜು ಒರೆಸಿ, ಡ್ಯಾಶ್‌ಬೋರ್ಡಿನ ಗಣಪತಿಗೆ ಒಂದು ಹೂವಿಟ್ಟು ಕುಟುಂಬವನ್ನು ಹತ್ತಿಸಿಕೊಳ್ಳುವುದು ಇಲ್ಲಿನ ಕ್ರಮ. ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಯಾರೋ ಬಳಸಿ ಬಿಟ್ಟಿದ್ದ ಒಂದು ಸಣ್ಣ ಬಿಳಿ ಕಾರನ್ನು ಕೊಂಡು ಈ ಕ್ರಮಕ್ಕೆ ಸೇರಿದ್ದೆ. ಕಲಿತೆ ಎನ್ನುವುದೂ ಪೂರ್ತಿ ನಿಜವಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮಾಸ್ತರರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತೊಂದು ದಿನವೂ ಆಪತ್ತಿನ ಜಾಗದಲ್ಲೆಲ್ಲ ಬ್ರೇಕ್ ಒತ್ತಿದವರು ಅವರೇ. ನಾನು ಸ್ಟೇರಿಂಗ್ ಕಲಿತೆ, ಬ್ರೇಕು ಕಲಿತದ್ದು ಅವರು ಎಂದರೆ ಸರಿಯಾದೀತು.

ನಮ್ಮ ಕಾರಿನಲ್ಲಿ ಮಾಸ್ತರರ ಜಾಗದಲ್ಲಿ ನನ್ನ ಹೆಂಡತಿ ಶಶಿಕಲಾ ಕೂರುತ್ತಿದ್ದಳು. ಅವಳ ಕಾಲ ಕೆಳಗೆ ಬ್ರೇಕ್ ಇರಲಿಲ್ಲ, ಆದರೂ ಒತ್ತುತ್ತಿದ್ದಳು. ಎದುರಿಗೆ ರಿಕ್ಷಾ ಬಂದರೆ ಅವಳ ಬಲಗಾಲು ಮ್ಯಾಟಿನೊಳಗೆ ಇಳಿಯುತ್ತಿತ್ತು. "ಅಲ್ಲಿ ಎಂತದೂ ಇಲ್ಲ ಮಾರಾಯ್ತಿ" ಎಂದರೆ "ನಿಮ್ಮ ಕಡೆ ಉಂಟಲ್ಲ, ಅದನ್ನಾದ್ರೂ ಒತ್ತಿ" ಎನ್ನುತ್ತಿದ್ದಳು. ಇಷ್ಟು ಸಾಲದೆಂಬಂತೆ ಭಾನುವಾರ ಬೆಳಿಗ್ಗೆ ಕಾರು ಹೊರಡಿಸಿ, ಗೇಟಿನ ಹತ್ತಿರ ಮೊದಲ ಬ್ರೇಕ್ ಒತ್ತಿದ ಕೂಡಲೇ ಮುಂದಿನ ಚಕ್ರಗಳಿಂದ ಕಿರ್ರೆಂದು ಒಂದು ಕೂಗು ಬರುತ್ತಿತ್ತು. ಮಳೆಗಾಲದಲ್ಲಂತೂ ಎರಡನೆಯ ಮಹಡಿಯ ಕುಲಕರ್ಣಿಯವರು ಪೇಪರು ಹಿಡಿದುಕೊಂಡೇ ಬಾಲ್ಕನಿಗೆ ಬಂದು ನೋಡುತ್ತಿದ್ದರು. ವಾಚ್‌ಮನ್ ಗೇಟನ್ನು ಅಗತ್ಯಕ್ಕಿಂತ ಅಗಲ ತೆರೆಯುತ್ತಿದ್ದ.

ದಿನೇಶನದ್ದು ಬೇರೆ ಲೋಕ. ಅವನ ಮನೆ ಸೀವುಡ್ಸ್‌ನಲ್ಲಿ, ಕೆಲಸ ರಬಾಳೆಯ ಒಂದು ಕಾರ್ಖಾನೆಯಲ್ಲಿ. ದಿನಾ ಕಾರಿನಲ್ಲೇ ಹೋಗಿ ಬರುತ್ತಿದ್ದ. ಹದಿನೆಂಟು ತುಂಬುವ ಮೊದಲೇ ಸೋದರಮಾವನ ಹೋಟೆಲಿಗೆ ವಾಶಿ ಮಾರ್ಕೆಟಿನಿಂದ ತರಕಾರಿ ಟೆಂಪೊ ಓಡಿಸಿದವನು. ಅವನ ಕಾರು ಹೊಸದು, ಉದ್ದನೆಯದು, ಚಕ್ರಗಳು ಮಿರುಗುವ ಅಲಾಯ್. ಒಳಗೆ ಏಸಿ, ಅತ್ತೆಗೆ ಇಷ್ಟವೆಂದು ಸದಾ ಭಜನೆಯ ಸಿ.ಡಿ. ಅವನ ಕಾರಿನಲ್ಲಿ ಡೊಂಬಿವಲಿಯಿಂದ ಹೊರಟರೆ ಶಿಳ್‌ಫಾಟಾ ಬರುವಷ್ಟರಲ್ಲಿ ಶಶಿಕಲಾ ಮಲಗಿರುತ್ತಿದ್ದಳು. ಮಹಾಪೆಯ ಇಳಿಜಾರಿನಲ್ಲಿ, ನಾನಾದರೆ ದೇವರ ಹೆಸರು ಹೇಳುವ ಜಾಗದಲ್ಲಿ, ಅವಳ ತಲೆ ಕಿಟಕಿಗೆ ತಾಗಿ ಮೆಲ್ಲನೆ ಅಲುಗುತ್ತಿತ್ತು. ನನಗೆ ದಿನೇಶನಿಗಿಂತ ಇದ್ದ ಒಂದೇ ಹೆಚ್ಚುಗಾರಿಕೆ ಎಂದರೆ ಅವನು ನನ್ನನ್ನು ಭಾವ, ನೀವು ಎನ್ನಬೇಕಾಗಿತ್ತು, ನಾನು ಅವನನ್ನು ನೀನು ಎನ್ನಬಹುದಿತ್ತು. ಅದನ್ನು ನಾನು ಯಥೇಚ್ಛವಾಗಿ ಬಳಸುತ್ತಿದ್ದೆ. ಒಂದೇ ವಾಕ್ಯದಲ್ಲಿ ಎರಡು ಮೂರು ಸಲ ನೀನು ಎಂದದ್ದೂ ಉಂಟು.

ಒಂದು ದಿನ ಕೇಳಿಯೇಬಿಟ್ಟೆ. ಅವಳು ಬಸಳೆ ಸೋಸುತ್ತಿದ್ದಳು. "ನಮ್ಮ ಕಾರಲ್ಲಿ ನಿನಗೆ ನಿದ್ದೆ ಯಾಕೆ ಬರುವುದಿಲ್ಲ?"

"ಎಂತ ಪ್ರಶ್ನೆ ಇದು! ಗೇಟು ದಾಟುವ ಮೊದ್ಲೇ ಅದು ಹಾಗೆ ಕಿರಿಚಿದ್ರೆ ಯಾರಿಗೆ ನಿದ್ದೆ ಬರ್ತದೆ ಮಾರಾಯ್ರೆ?"

ಉತ್ತರ ಸಿಕ್ಕಿತು ಎಂದುಕೊಂಡೆ. ಸಮಸ್ಯೆ ನನ್ನಲ್ಲಿಲ್ಲ, ಬ್ರೇಕ್ ಪ್ಯಾಡಿನಲ್ಲಿದೆ. ಅಂಗಡಿಯಲ್ಲಿ ಸಿಗುವ ವಸ್ತು, ಎರಡು ಬೋಲ್ಟು ಬಿಚ್ಚಿ ಬದಲಿಸಬಹುದಾದ ವಸ್ತು. ಗಂಡಸಿಗೆ ಇಂಥ ಉತ್ತರ ಸಿಕ್ಕಿದರೆ ಆಗುವ ಸಂತೋಷ ಸಣ್ಣದಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಗ್ಯಾರೇಜು ಇಟ್ಟುಕೊಂಡಿದ್ದ ಕದಂ ಎಂಬ ಮೆಕ್ಯಾನಿಕ್ಕನ ಹತ್ತಿರ ಹೋಗಿ ಪ್ಯಾಡು ಬದಲಿಸಲು ಹೇಳಿದೆ. ಅವನು ಬಗ್ಗಿ ನೋಡಿ ಏನೋ ಹೇಳಲು ಹೋದ, ನಾನು ಬಿಡಲಿಲ್ಲ. ಹೊಸ ಪ್ಯಾಡು ಬಂತು. ಕಾರು ಗ್ಯಾರೇಜಿನಿಂದ ಮನೆಯವರೆಗೆ ಹೂವಿನ ಹಾಗೆ ಬಂತು. ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಬ್ರೇಕ್ ಒತ್ತಿದೆ. ಕಿರ್ರ್! ಕುಲಕರ್ಣಿಯವರು ಬಾಲ್ಕನಿಗೆ ಬಂದರು.

ಪ್ಯಾಡೇ ಸರಿಯಿಲ್ಲ, ನಕಲಿ ಮಾಲು ಎಂದು ತೀರ್ಮಾನಿಸಿ ಕೆಲವೇ ತಿಂಗಳಲ್ಲಿ ಇನ್ನೊಂದು ಜೊತೆ ಹಾಕಿಸಿದೆ. ಬಿಚ್ಚಿದ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಿಂದ ಅಳೆದೆ. ಎಷ್ಟು ಸವೆದರೆ ಬದಲಿಸಬೇಕು ಎಂಬುದು ಗೊತ್ತಿಲ್ಲದವನು ಅಳೆದು ಮಾಡುವುದೇನು ಎಂಬುದು ಆಗ ಹೊಳೆಯಲಿಲ್ಲ. "ಪಪ್ಪಾ, ಮಾಝೀ ಪಟ್ಟೀ ದ್ಯಾ ನಾ" ಎಂದು ಅವಳು ತನ್ನ ಸ್ಕೇಲನ್ನು ಕಿತ್ತುಕೊಂಡು ಹೋದಳು. ಅದೇ ವಾರ ದಿನೇಶ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿದ: "ನನ್ನದು ನಲವತ್ತು ಸಾವಿರ ಕಿಲೋಮೀಟರ್ ಆಯ್ತು ಭಾವ, ಪ್ಯಾಡು ಮುಟ್ಟಲೇ ಇಲ್ಲ. ನಿಮ್ಮದು ಎರಡನೇ ಸಲವಾ? ನೀವು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಿಡ್ತೀರಾ ಎಂತ?" ಅವನು ನಿಜವಾಗಿ ಕಾಳಜಿಯಿಂದಲೇ ಕೇಳಿದ್ದ. ಕಾಳಜಿಯಿಂದ ಕೇಳಿದ್ದು ಇನ್ನೂ ಹೆಚ್ಚು ಉರಿಯುತ್ತದೆ. ಜಗತ್ತಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಬ್ರೇಕ್ ಪ್ಯಾಡಿನ ದಪ್ಪಕ್ಕೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು ಇರಬೇಕು.

ಮೂರನೆಯ ಸಲ ಹೋದಾಗ ಕದಂ ಸ್ಪ್ಯಾನರ್ ಕೆಳಗಿಟ್ಟ. ನನ್ನನ್ನು ಒಂದು ಖಾಲಿ ಆಯಿಲ್ ಡಬ್ಬದ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಒಳಗಿನ ಡಿಸ್ಕನ್ನು ತೋರಿಸಿದ. ಅದರ ಮೈಮೇಲೆ ಕೆಂಪು ಪುಡಿಯ ತೆಳ್ಳನೆಯ ಪರೆ ಇತ್ತು. ಬೆರಳಿನಿಂದ ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದ.

"ಯೇ ಕ್ಯಾ ಹೈ ಸಾಹೇಬ್?"

"ತುಕ್ಕು" ಎಂದೆ, ಆಮೇಲೆ ಹಿಂದಿಯಲ್ಲಿ ಹೇಳಿದೆ.

"ಗಾಡೀ ಚಲಾನೇ ಕೇ ಲಿಯೇ ಹೋತೀ ಹೈ. ಆಪ್ ತೋ ಹಫ್ತೇ ಮೇಂ ಏಕ್ ದಿನ್ ಉಸ್ಕಾ ದರ್ಶನ್ ಕರ್ತೇ ಹೋ."

ಗಾಡಿ ಇರುವುದು ಓಡಿಸುವುದಕ್ಕೆ, ವಾರಕ್ಕೊಮ್ಮೆ ದೇವರ ದರ್ಶನ ಮಾಡಿದ ಹಾಗೆ ಕಾರಿನ ದರ್ಶನ ಮಾಡಿದರೆ ಹೀಗೇ ಆಗುತ್ತದೆ ಎಂದು ಅವನ ಮಾತು. ಡಿಸ್ಕು ಬರಿಯ ಕಬ್ಬಿಣ. ಆರು ದಿನ ತೇವದಲ್ಲಿ ನಿಂತರೆ ತುಕ್ಕು ಹಿಡಿಯುತ್ತದೆ, ಏಳನೆಯ ದಿನ ಮೊದಲ ನಾಲ್ಕೈದು ಬ್ರೇಕಿಗೆ ಪ್ಯಾಡು ಅದನ್ನು ಉಜ್ಜಿ ತೆಗೆಯುವಾಗ ಕೂಗುತ್ತದೆ, ನಾಕಾದ ಚೌಕ ದಾಟುವಷ್ಟರಲ್ಲಿ ಸುಮ್ಮನಾಗುತ್ತದೆ. ನಾನು ತೆಗೆಸಿ ಹಾಕಿದ ಎರಡು ಜೊತೆಯೂ ಇನ್ನೂ ವರ್ಷಗಟ್ಟಲೆ ಬಾಳುವಂಥವು. ಡೊಂಬಿವಲಿಯ ರೈಲು ಪ್ರಯಾಣಿಕರೆಲ್ಲ ಮಳೆಗಾಲದಲ್ಲಿ ಇದೇ ದೂರು ಹಿಡಿದು ಬರುತ್ತಾರಂತೆ, ಆದರೆ ಹಟ ಮಾಡಿ ಎರಡೆರಡು ಸಲ ಬದಲಿಸಿದವನು ನಾನೊಬ್ಬನೇ ಅಂತೆ. ಹಾಗಾದರೆ ನಿಜವಾಗಿ ಬದಲಿಸುವುದು ಯಾವಾಗ ಎಂದು ಕೇಳಿದೆ. ಅವನು ತಾಳ್ಮೆಯಿಂದ ಹೇಳಿಕೊಟ್ಟ. ಪ್ಯಾಡಿನ ಬದಿಯಲ್ಲಿ ಒಂದು ಸಣ್ಣ ಕಬ್ಬಿಣದ ನಾಲಿಗೆ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಸಣ್ಣಗೆ ಸಿಳ್ಳೆ ಹಾಕುತ್ತದೆ, ಹತ್ತು ಕಿಲೋಮೀಟರ್ ಹೋದರೂ ನಿಲ್ಲಿಸುವುದಿಲ್ಲ. ಹೊಸ ಪ್ಯಾಡು ಬೆರಳಿನಷ್ಟು ದಪ್ಪ, ಮೂರು ಮಿಲಿಮೀಟರಿಗೆ ಇಳಿದರೆ ಮತ್ತೆ ಯೋಚಿಸಬಾರದು. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಾ ಬಂದರೂ ಅನುಮಾನ ಪಡಬೇಕು. ಘರ್ರೆಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತೆಂದರೆ ಆಗಲೇ ತಡವಾಗಿದೆ. ಅಲಾಯ್ ಚಕ್ರವಾದರೆ ಬಿಚ್ಚುವುದೂ ಬೇಡ, ಕಡ್ಡಿಗಳ ನಡುವೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಕಾಣುತ್ತದೆ.

ಅಲಾಯ್ ಎಂದ ಕೂಡಲೇ ನನಗೆ ಯಾರ ಕಾರು ನೆನಪಾಯಿತೆಂದು ಹೇಳಬೇಕಾಗಿಲ್ಲ.

ಅರ್ಧ ಗಂಟೆಯಲ್ಲಿ ಕಲಿತ ವಿದ್ಯೆ ಮನುಷ್ಯನನ್ನು ಸುಮ್ಮನಿರಲು ಬಿಡುವುದಿಲ್ಲ. ನಾನು ಕಂಡ ಕಂಡ ಕಾರಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲಿನ ಬ್ಯಾಟರಿ ಬಿಡತೊಡಗಿದೆ. ಕುಲಕರ್ಣಿಯವರ ಅಳಿಯನ ಕಾರಿನದ್ದು ಐದು ಮಿಲಿಮೀಟರ್. ಸೊಸೈಟಿಯ ಕಾರ್ಯದರ್ಶಿಯದ್ದು ನಾಲ್ಕು. ಟಯರಿನ ಗಾಳಿ ತೆಗೆಯುವವನು ಯಾರೆಂಬ ಚರ್ಚೆ ಸೊಸೈಟಿಯಲ್ಲಿ ಆಗ ನಡೆಯುತ್ತಿದ್ದುದರಿಂದ ವಾಚ್‌ಮನ್ ನನ್ನನ್ನು ಎರಡು ಸಲ ಎಬ್ಬಿಸಿ ಕಳಿಸಿದ.

ಅಷ್ಟರಲ್ಲಿ ನಮ್ಮ ಅತ್ತೆ ಎಂದಿನಂತೆ ಕಾರ್ಕಳದಿಂದ ಮತ್ತೆ ಬಂದರು. ಟಿಟ್ವಾಳಾದ ಗಣಪತಿಗೆ ಹೋಗಬೇಕೆಂದು ಅವರ ಬಯಕೆ. ಡೊಂಬಿವಲಿಯಿಂದ ಟಿಟ್ವಾಳಾ ದೂರವೇನಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆ ಬಹಳ ಮೃದುವಾಗಿ, "ಬೇಡ, ನಿಮಗೆ ಸುಮ್ಮನೆ ಕಷ್ಟ. ದಿನೇಶ ಬರ್ತೇನೆ ಅಂದಿದ್ದಾರೆ" ಎಂದರು. ನನ್ನ ಮನೆಯಿಂದ ನನ್ನ ಅತ್ತೆಯನ್ನು ನನ್ನ ಹತ್ತಿರದ ದೇವಸ್ಥಾನಕ್ಕೆ ಕರೆದೊಯ್ಯಲು ಒಬ್ಬ ಮನುಷ್ಯ ಸೀವುಡ್ಸ್‌ನಿಂದ ಬರುವುದು!

ಭಾನುವಾರ ಬೆಳಿಗ್ಗೆ ದಿನೇಶ, ವನಿತಾ ಬಂದರು. ವನಿತಾ ಎಂದರೆ ಶಶಿಕಲಾಳ ತಂಗಿ. ಕಾರು ನಿಲ್ಲಿಸಲು ಜಾಗ ತೋರಿಸುವ ನೆಪದಲ್ಲಿ ನಾನು ಕೆಳಗಿಳಿದಿದ್ದೆ. ದಿನೇಶ ಭಜನೆ ನಿಲ್ಲಿಸಿ, ಗಾಜಿಳಿಸಿ, ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಂತೆ ನನಗೆ ಅದು ಕೇಳಿಸಿತು: ಸಣ್ಣಗೆ, ಎಡೆಬಿಡದೆ, ಹಲ್ಲಿನ ಸಂದಿಯಿಂದ ಬಂದಂಥ ಸಿಳ್ಳೆ. ಮೂವತ್ತು ಕಿಲೋಮೀಟರ್ ಬಂದ ಕಾರು, ತುಕ್ಕಿನ ಮಾತೇ ಇಲ್ಲ. ಅವರಿಬ್ಬರೂ ಲಿಫ್ಟಿನ ಕಡೆ ಹೋದ ಮೇಲೆ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿ ಬಿಟ್ಟೆ. ಎಡಗಡೆಯ ಪ್ಯಾಡು ಮೇರಿ ಬಿಸ್ಕತ್ತಿನ ಅಂಚಿನಷ್ಟೂ ಇರಲಿಲ್ಲ. ಬಲಗಡೆಯದ್ದು ಅದಕ್ಕಿಂತ ಕಡಮೆ. ನಲವತ್ತು ಸಾವಿರವಾದರೂ ಪ್ಯಾಡು ಮುಟ್ಟಿಲ್ಲವಂತೆ! ಮುಟ್ಟದಿದ್ದರೆ ಇನ್ನೇನಾಗುತ್ತದೆ? ಏಸಿ, ಮುಚ್ಚಿದ ಗಾಜು, ಭಜನೆ ಇವುಗಳ ನಡುವೆ ಅವನಿಗೆ ಸಿಳ್ಳೆ ಕೇಳಿಸಿಯೇ ಇರಲಿಲ್ಲ. ಆ ಹೊತ್ತಿಗೆ ನನಗಾದ ಆನಂದವನ್ನು ಬಣ್ಣಿಸಲು ನಾಚಿಕೆಯಾಗುತ್ತದೆ. ಮಗಳು ಹುಟ್ಟಿದಾಗ ಆಗಿದ್ದು ಬೇರೆ ತರದ ಆನಂದ, ಅದರ ಜೊತೆ ಹೋಲಿಸಬಾರದು. ಆದರೂ ಆ ಸಾಲಿನಲ್ಲಿ ಎಲ್ಲೋ ಇದಕ್ಕೂ ಜಾಗ ಕೊಡಬೇಕು.

ಇಲ್ಲಿ ನಿಲ್ಲುತ್ತೇನೆ. ಬಂಧುಗಳಿಗೆ ಹೇಳುವ ಕಥೆಯಲ್ಲಿ ನಾನು ಓಡಿಹೋಗಿ ಎಲ್ಲರನ್ನೂ ಎಚ್ಚರಿಸುತ್ತೇನೆ. ಇನ್ನೊಂದು ಆವೃತ್ತಿಯಲ್ಲಿ, ಹೇಳಬೇಕೆಂದೇ ಮೇಲೆ ಹೋಗುತ್ತೇನೆ, ಆದರೆ ಅತ್ತೆಯ ನೀರುದೋಸೆಯ ಗಡಿಬಿಡಿಯಲ್ಲಿ ಮರೆತುಬಿಡುತ್ತೇನೆ. ಈ ಮರೆವಿನ ಆವೃತ್ತಿಯನ್ನು ನಾನೇ ಹಲವು ವರ್ಷ ನಂಬಿದ್ದೆ. ನಾನು ಮರೆತಿರಲಿಲ್ಲ. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಯಾವ ಮಾತಿನಿಂದ ಶುರುಮಾಡಬೇಕೆಂದು ಎರಡು ಸಲ ಹೇಳಿಕೊಂಡು ನೋಡಿದ್ದೆ. ಎಲ್ಲರೂ ತಿಂಡಿಗೆ ಕೂತಾಗ, ಅತ್ತೆ ಅವನನ್ನು ಹೊಗಳುವ ಹೊತ್ತಿಗೆ ಸರಿಯಾಗಿ, ಏನೂ ಅಲ್ಲವೆಂಬಂತೆ ಹೇಳುವುದೆಂದು ಯೋಚಿಸಿದ್ದೆ.

ಅತ್ತೆ ಹೊಗಳಿದರು. "ಇವರು ಗಾಡಿ ಬಿಡುವುದೆಂದ್ರೆ ತೊಟ್ಟಿಲು ತೂಗಿದ ಹಾಗೆ. ಹೊಟ್ಟೆಯ ನೀರು ಅಲ್ಲಾಡುವುದಿಲ್ಲ."

"ಇನ್ನೊಂದು ದೋಸೆ ಹಾಕಿ ಅತ್ತೆ" ಎಂದ ದಿನೇಶ, ನಾಚಿಕೊಂಡು.

ಶಶಿಕಲಾ ನನ್ನ ಕಡೆ ತಿರುಗಿ, "ಕೇಳಿಸಿತಾ? ತೊಟ್ಟಿಲಂತೆ" ಎಂದಳು.

"ಅಕ್ಕ ತೊಟ್ಟಿಲಲ್ಲೇ ಮಲಗೋದು" ಎಂದು ವನಿತಾ ನಕ್ಕಳು. "ಕಳೆದ ಸಲ ನಮ್ಮ ಮನೆ ಬಂದ್ರೂ ಏಳ್ಲಿಲ್ಲ. ಅಮ್ಮ ಕೆನ್ನೆ ತಟ್ಟಿ ಎಬ್ಬಿಸ್ಬೇಕಾಯ್ತು."

ಈಗ ಹೇಳಬೇಕಿತ್ತು. ಆದರೆ ಹೊಗಳಿಕೆ ಇನ್ನೂ ಸ್ವಲ್ಪ ಏರಲಿ, ಬೀಳುವುದು ಎತ್ತರದಿಂದ ಬೀಳಲಿ ಎಂದು ಕಾದೆ. ಹಾಗೆ ಕಾಯುತ್ತಿದ್ದಂತೆ ಮಾತು ಕಾರ್ಕಳದ ಯಾರದೋ ಮದುವೆಯ ಕಡೆ ಹೊರಳಿತು, ಎಲ್ಲರೂ ಕೈತೊಳೆದರು, ಚಪ್ಪಲಿ ಹುಡುಕಿದರು, ಲಿಫ್ಟು ಬಂತು. ಟ್ಯೂಷನ್ನಿದ್ದ ಮಗಳು ಮನೆಯಲ್ಲೇ ಉಳಿದಳು. ಕೆಳಗೆ ಶಶಿಕಲಾ ಹಿಂದಿನ ಸೀಟು ಹತ್ತಿ, ಶಾಲನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಗೆ ಒತ್ತಿ, ತಲೆಗೆ ಸರಿಯಾಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಅದನ್ನು ಕಂಡು ನನ್ನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು. ಮಲಗಲಿ, ನೋಡೋಣ ಎನಿಸಿತು. ಇದಕ್ಕಿಂತ ಸಭ್ಯವಾದ ಮಾತು ಹುಡುಕಿ ಹುಡುಕಿ ಸೋತಿದ್ದೇನೆ. ನನಗೆ ಅನಿಸಿದ್ದು ಅದೇ.

ನಾನು ಮುಂದೆ, ದಿನೇಶನ ಪಕ್ಕದಲ್ಲಿ ಕೂತೆ. ಭಜನೆ ಹಾಡತೊಡಗಿತು. ಕಲ್ಯಾಣದ ರಸ್ತೆ ಹಿಡಿದು ಐದು ನಿಮಿಷವಾಗುವಷ್ಟರಲ್ಲಿ ಹಿಂದಿನಿಂದ ಶಶಿಕಲಾಳ ಉಸಿರಿನ ಲಯ ಬದಲಾದದ್ದು ನನಗೆ ಗೊತ್ತಾಯಿತು. ಇಪ್ಪತ್ತು ವರ್ಷ ಕೇಳಿದ ಉಸಿರು. ಪ್ರತಿಸಲ ದಿನೇಶ ಬ್ರೇಕ್ ಒತ್ತಿದಾಗ ನನ್ನ ಬಲಗಾಲು ಮ್ಯಾಟಿನೊಳಗೆ ಇಳಿಯುತ್ತಿತ್ತು. ಹೇಳು, ಹೇಳು ಎಂದು ಒಂದು ಮನಸ್ಸು. ಈಗ ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದು ಇನ್ನೊಂದು. ತಡವಾದಷ್ಟೂ ಹೇಳುವುದು ಕಷ್ಟ, ಹೇಳದಷ್ಟೂ ತಡ. ಪತ್ರಿ ಪೂಲ್ ಸೇತುವೆ ಹತ್ತಿ ಆಚೆ ಇಳಿಯುವಾಗ ಮುಂದಿನ ರಿಕ್ಷಾ ಯಾರೋ ಕೈ ತೋರಿಸಿದರೆಂದು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ದಿನೇಶ ಒತ್ತಿದ. ಭಜನೆಯನ್ನೂ ಮೀರಿ ಘರ್ರೆಂದು ಕೆಳಗಿನಿಂದ ಸದ್ದು ಬಂತು. ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಜಾರಿತು. ದಿನೇಶ ಎಡಕ್ಕೆಳೆದು ಹ್ಯಾಂಡ್‌ಬ್ರೇಕ್ ಎತ್ತಿದ. ರಿಕ್ಷಾದ ಹಿಂಬದಿಗೂ ನಮಗೂ ನಡುವೆ ಒಂದು ಗೇಣು ಉಳಿಯಿತು.

"ಪ್ಯಾಡಿಲ್ಲ! ಪ್ಯಾಡಿಲ್ಲ!" ಎಂದು ನಾನು ಕಿರಿಚಿದೆ.

ದಿನೇಶ ಕಾರನ್ನು ಬದಿಗೆ ತಂದು, ಭಜನೆ ನಿಲ್ಲಿಸಿ, ನನ್ನ ಮುಖ ನೋಡಿದ. "ನಿಮಗೆ ಹೇಗೆ ಗೊತ್ತು ಭಾವ?"

"ಬ್ಯಾಟರಿ ಬಿಟ್ಟು ನೋಡಿದೆ."

"ಯಾವಾಗ?"

ಸುಳ್ಳು ಹೇಳುವುದಕ್ಕೂ ಸ್ವಲ್ಪ ತಯಾರಿ ಬೇಕು. "ನೀವಿಬ್ಬರೂ ಮೇಲೆ ಹೋದ ಮೇಲೆ" ಎಂದುಬಿಟ್ಟೆ.

ಹಿಂದಿನ ಸೀಟಿನಿಂದ, ಎಚ್ಚರವಾಗಿ ಅರ್ಧ ನಿಮಿಷವೂ ಆಗಿರದ ಶಶಿಕಲಾ, ನಿದ್ದೆಯ ಲವಲೇಶವೂ ಇಲ್ಲದ ದನಿಯಲ್ಲಿ ಕೇಳಿದಳು: "ತಿಂಡಿಗೆ ಮೊದ್ಲೇ ನೋಡಿದ್ರಾ?"

ಅತ್ತೆ ತಮ್ಮ ಚೀಲದಲ್ಲಿದ್ದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ದಿನೇಶನೇ ಕೊನೆಗೆ, "ತಪ್ಪು ನನ್ನದು ಭಾವ, ಚೆಕ್ ಮಾಡಿಸ್ಬೇಕಿತ್ತು" ಎಂದ. ಆ ಮಾತನ್ನಾದರೂ ಅವನು ನನಗೆ ಬಿಟ್ಟುಕೊಡಬಹುದಿತ್ತು. ಅಲ್ಲಿಯೂ ದೊಡ್ಡ ಮನುಷ್ಯ ಅವನೇ ಆದ.

ಕದಂಗೆ ಫೋನ್ ಮಾಡಿದೆ. ಗಾಡಿ ಕದಲಿಸಬೇಡಿ, ಪ್ಯಾಡು ತೆಗೆದುಕೊಂಡು ತಾನೇ ಬಂದು ಅಲ್ಲೇ ಹಾಕುತ್ತೇನೆ, ಆದರೆ ಮಧ್ಯಾಹ್ನವಾಗುತ್ತದೆ ಎಂದ. ಅತ್ತೆಗೆ ಅಷ್ಟು ಹೊತ್ತಿಗೆ ದರ್ಶನ ಮುಗಿಸಬೇಕಿತ್ತು. ಹಾಗಾಗಿ ನಾನು ಮನೆಗೆ ಹೋಗಿ ನಮ್ಮ ಕಾರು ತರುವುದೆಂದಾಯಿತು. ಶಶಿಕಲಾ ನಾನೂ ಬರುತ್ತೇನೆಂದು ರಿಕ್ಷಾ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ ರಸ್ತೆಯನ್ನೇ ನೋಡುತ್ತಾ ಹೇಳಿದಳು:

"ಅಮ್ಮ ಕೂತಿದ್ರು. ನಾನು ಮಲಗಿದ್ದೆ. ನಿಮಗೆ ಹೇಳ್ಬೇಕು ಅನಿಸ್ಲಿಲ್ವಾ?"

"ಅನಿಸಿತು."

"ಮತ್ತೆ?"

"ಹೇಳುವುದಕ್ಕೆ ಒಳ್ಳೆ ಹೊತ್ತು ನೋಡ್ತಾ ಇದ್ದೆ."

"ದಿನೇಶನಿಗೆ ಅವಮಾನ ಆಗುವ ಹೊತ್ತು."

"ಹೌದು."

"ಅವರು ನಿಮಗೆ ಎಂತ ಮಾಡಿದ್ದಾರೆ ಮಾರಾಯ್ರೆ?"

"ನೀನು ಅವನ ಕಾರಲ್ಲಿ ನಿದ್ದೆ ಮಾಡ್ತಿ" ಎಂದೆ. "ನನ್ನ ಕಾರಲ್ಲಿ ಮಾಡುವುದಿಲ್ಲ."

ಅವಳು ತಿರುಗಿ ನನ್ನನ್ನು ನೋಡಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ನಕ್ಕಳೆಂದು ಈಗ ಅವಳೇ ಹೇಳುತ್ತಾಳೆ. ರಿಕ್ಷಾದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ್ದು ಮಾತ್ರ ನನಗೆ ಗಟ್ಟಿಯಾಗಿ ನೆನಪಿದೆ.

"ಅದಕ್ಕಾ?"

"ಕಿರ್ರ್ ಅನ್ನುತ್ತದೆ ಅಂದಿದ್ದೆಯಲ್ಲ, ಅದಕ್ಕೇ ಎರಡು ಸಲ ಪ್ಯಾಡು ಹಾಕಿಸಿದೆ."

"ಯಾವಾಗ ಅಂದೆ? ಅಂದ್ರೂ ಎಂತದೋ ಬಾಯಿಗೆ ಬಂದದ್ದು ಅಂದಿರ್ಬೇಕು." ಅವಳೇ ಮುಂದುವರಿಸಿದಳು. "ನಿಮ್ಮ ಕಾರಲ್ಲಿ ನಾನು ಮಲಗುವುದು ಹೇಗೆ? ಗೇಟಿಂದ ಹೊರಟ್ರೆ ನೀವು ಕೇಳುವುದೇ ಒಂದು. ಶಶಿ, ಎಡಗಡೆ ಯಾರಾದ್ರೂ ಬರ್ತಾ ಇದ್ದಾರಾ? ಶಶಿ, ಈಗ ಹೋಗ್ಬಹುದಾ? ಶಶಿ, ಆ ಬಸ್ಸಿಗೆ ತಾಗ್ತದಾ? ನೀವು ಬಲಗಡೆ ಮಾತ್ರ ನೋಡಿ ಬಿಡುವುದು. ಎಡಗಡೆ ಪೂರ್ತಿ ನಾನೇ ಬಿಡುವುದು. ನಾನು ಮಲಗಿದ್ರೆ ಅರ್ಧ ಕಾರು ಯಾರು ಬಿಡುವುದು?"

ನಾನು ಹಾಗೆ ಕೇಳುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ನೆನಪಿನಲ್ಲಿ ಕಾರು ಓಡಿಸುವ ನಾನು ಸದಾ ಮೌನವಾಗಿ, ದೃಢವಾಗಿ, ದೂರದ ರಸ್ತೆಯ ಮೇಲೆ ಕಣ್ಣಿಟ್ಟಿರುತ್ತೇನೆ. ಎರಡು ಜೊತೆ ಒಳ್ಳೆಯ ಪ್ಯಾಡುಗಳನ್ನು ಕಿತ್ತು ಹಾಕಿಸಿದ್ದೆ. ಎಡಗಡೆಯ ಕನ್ನಡಿಯನ್ನು ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ.

ಮನೆಯಿಂದ ಕಾರು ತೆಗೆದೆವು. ಗೇಟಿನಲ್ಲಿ ಅದು ತನ್ನ ಭಾನುವಾರದ ಕೂಗು ಹಾಕಿತು, ನಾಕಾದಲ್ಲಿ ಸುಮ್ಮನಾಯಿತು. ಕದಂ ಬರುವಷ್ಟರಲ್ಲಿ ಮರಳಬಹುದೆಂದು ದಿನೇಶನ ಕಾರಿಗೆ ಬೀಗ ಹಾಕಿಸಿ, ಪತ್ರಿ ಪೂಲಿನ ಹತ್ತಿರ ನಿಂತಿದ್ದ ಮೂವರನ್ನೂ ಹತ್ತಿಸಿಕೊಂಡೆವು. ದಿನೇಶನ ಕಾಲು ಉದ್ದ, ಹಿಂದೆ ಹಿಡಿಸುವುದಿಲ್ಲವೆಂದು ಶಶಿಕಲಾ ತನ್ನ ಜಾಗವನ್ನು ಅವನಿಗೆ ಬಿಟ್ಟು ಹಿಂದೆ ಕೂತಳು. ಈ ಸಲ ಯಾರನ್ನೂ ಏನೂ ಕೇಳದೆ ಓಡಿಸಬೇಕೆಂದು ನಿಶ್ಚಯ ಮಾಡಿದೆ. ಎಡಗಡೆಯ ಕನ್ನಡಿಯನ್ನು ಸರಿಮಾಡಿಕೊಂಡೆ. ಅದರಲ್ಲಿ ಬಹಳ ಜನ ಇದ್ದರು. ಎರಡು ತಿರುವು ದಾಟುವಷ್ಟರಲ್ಲಿ "ದಿನೇಶ, ಎಡಗಡೆ ಯಾರಾದ್ರೂ ಬರ್ತಾ ಇದ್ದಾರಾ?" ಎಂದು ಬಾಯಿಗೆ ಬಂದೇಬಿಟ್ಟಿತು.

ತಿರುಗಿ ನೋಡಿದರೆ ದಿನೇಶ ತಲೆಯನ್ನು ಹಿಂದಕ್ಕೆ ಹಾಕಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಲಗಿಬಿಟ್ಟಿದ್ದ. ವಾರವಿಡೀ ರಬಾಳೆಗೆ, ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ಊರೂರಿಗೆ ಕಾರು ಓಡಿಸುವವನು, ಮೊದಲ ಸಲ ಇನ್ನೊಬ್ಬರು ಓಡಿಸುವ ಕಾರಿನಲ್ಲಿ ಕೂತಿದ್ದನೋ ಏನೋ. ಬಾಯಿ ಸ್ವಲ್ಪ ತೆರೆದಿತ್ತು. ಮುಂದಿನ ಊರು ಶಹಾಡ್ ಇನ್ನೂ ಬಂದಿರಲಿಲ್ಲ.

ಹಿಂದಿನಿಂದ ಶಶಿಕಲಾ ಎರಡು ಸೀಟಿನ ನಡುವೆ ಮುಖ ತಂದು, ಎಡಗಡೆ ನೋಡಿ, "ಬಸ್ಸೊಂದು ಉಂಟು, ಹೋಗಲಿ... ಈಗ ಹೋಗಿ" ಎಂದು ಪಿಸುಗುಟ್ಟಿದಳು. ನಾನು ಬಸ್ಸಿನ ಹಿಂದೆ ಸ್ವಲ್ಪ ಜೋರಾಗಿಯೇ ಬ್ರೇಕ್ ಒತ್ತಿದೆ. ದಿನೇಶನ ತಲೆ ಒಂದು ಸಲ ಅಲುಗಿ ಮತ್ತೆ ನೆಲೆಗೆ ನಿಂತಿತು.

"ಮೆಲ್ಲ ಒತ್ತಿ ಮಾರಾಯ್ರೆ" ಎಂದಳು ಶಶಿಕಲಾ. "ಪಾಪ, ಅವರಿಗೆ ನಿದ್ದೆ ಬಂದಿದೆ."

ಟಿಟ್ವಾಳಾದವರೆಗೂ ಮೆಲ್ಲನೆಯೇ ಒತ್ತಿದೆ. ನನ್ನ ಕಾರಿನಲ್ಲಿ ಅಂತೂ ಒಬ್ಬರು ನಿದ್ದೆ ಮಾಡಿದರು. ಅವನ ನಿದ್ದೆ ಕೆಡಬಾರದೆಂದು ಹಿಂದೆ ನನ್ನ ಹೆಂಡತಿ ಎಚ್ಚರವಾಗಿದ್ದಳು, ಮುಂದೆ ನಾನು ಎಚ್ಚರವಾಗಿದ್ದೆ. ಅಷ್ಟು ಸುಖವಾದ ನಿದ್ದೆಯನ್ನು ನಾನು ಯಾರ ಮುಖದ ಮೇಲೂ ಕಂಡಿಲ್ಲ. ಒಮ್ಮೆ ಅದನ್ನು ನೋಡಿ, ಒಮ್ಮೆ ರಸ್ತೆ ನೋಡಿ, ಹೊಟ್ಟೆ ಉರಿಸಿಕೊಳ್ಳುತ್ತಾ ಕಾರು ಓಡಿಸಿದೆ.